ಇಬ್ಬರೇ ಇದ್ದ ಸೈಕಲ್ ರೇಸು

ಎದುರಾಳಿಗಳೇ ಇಲ್ಲದ ಕಡೆ ಗೆಲ್ಲುವುದರಲ್ಲಿರುವ ನೆಮ್ಮದಿ ಬೇರೆಲ್ಲೂ ಇಲ್ಲವೆಂದು ನಂಬಿದವಳು ನಾನು. ಕಾಲೇಜಿನಲ್ಲಿ ವೀಣೆಗೆ ಪ್ರಥಮ ಬಹುಮಾನ ಬಂದದ್ದು ಹಾಗೆಯೇ. ವೀಣೆ ನುಡಿಸುವ ಇನ್ನೊಬ್ಬಳಿಗೆ ಅಂದು ಜ್ವರ. ಆದ್ದರಿಂದ ನಮ್ಮ ಶಾಲೆಯ ಪಿ.ಟಿ. ಮಾಷ್ಟ್ರು ದಿನೇಶರು, "ಟೀಚರ್, ಮೂರು ದಿನದ ಸೈಕಲ್ ರೇಸ್ ಉಂಟು. ನಲ್ವತ್ತೈದು ದಾಟಿದ ಹೆಂಗಸರ ವಿಭಾಗಕ್ಕೆ ಒಬ್ಬರೂ ಹೆಸರು ಕೊಟ್ಟಿಲ್ಲ. ನೀವು ಹೇಗೂ ಸೈಕಲಲ್ಲೇ ಬರುವುದಲ್ವಾ? ತುಳಿದು ಮುಗಿಸಿದರೆ ಸಾಕು, ಫಸ್ಟ್ ಪ್ರೈಸ್ ನಿಮ್ಮದೇ" ಎಂದಾಗ ಕೂಡಲೇ ಒಪ್ಪಿಬಿಟ್ಟೆ. ಮೊದಲ ದಿನ ಬಂಟ್ವಾಳದಿಂದ ಬೆಳ್ತಂಗಡಿ, ಮರುದಿನ ಅಲ್ಲಿಂದ ಮೂಡುಬಿದಿರೆ, ಮೂರನೆಯ ದಿನ ಮರಳಿ ಬಂಟ್ವಾಳ. ಮೂರೂ ದಿನದ ಸಮಯ ಕೂಡಿಸಿ, ಕಡಿಮೆ ಬಂದವರಿಗೆ ಬಹುಮಾನ. ನಾನು ಗಂಡನ ಮನೆಯವರ ವಾಟ್ಸಾಪ್ ಗುಂಪಿನಲ್ಲಿ, ಪ್ರಥಮ ಬರುವವಳಿದ್ದೇನೆಂದು ಮುಂಚಿತವಾಗಿಯೇ ತಿಳಿಸಿದೆ.

ಹೊರಡುವ ದಿನ ನೋಡಿದರೆ ನನ್ನ ಪಕ್ಕದಲ್ಲಿ ಇನ್ನೊಂದು ಸೈಕಲ್! ಸ್ಕಾರ್ಫಿನ ಮೇಲೆ ಹೆಲ್ಮೆಟ್ ಬಿಗಿದಿದ್ದ ಹೆಂಗಸು, "ನಾನು ಸಫಿಯಾ. ಮೆಲ್ಕಾರಿನಲ್ಲಿ ಟೈಲರಿಂಗ್ ಅಂಗಡಿ" ಎಂದು ನಕ್ಕರು. ನಾನೂ ಹಲ್ಲು ತೋರಿಸಿದೆ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳು ಅವರವು. ನನ್ನವು ಅಷ್ಟೇ ವರ್ಷ ಕರಿಹಲಗೆಯ ಮುಂದೆ ಸುಮ್ಮನೆ ನಿಂತವು.

ಮೊದಲ ದಿನವೇ ನನ್ನ ವೃತ್ತಿ ನನಗೆ ಮುಳುವಾಯಿತು. ದಾರಿಯುದ್ದಕ್ಕೂ ಹಳೆಯ ಶಿಷ್ಯರು. ಒಬ್ಬ ಲಾರಿ ನಿಲ್ಲಿಸಿ, "ಟೀಚರ್, ಎಲ್ಲಿಗೆ ಹೊರಟದ್ದು? ಬಸ್ಸು ಸಿಗಲಿಲ್ವಾ?" ಎಂದ. ಉತ್ತರ ಕೊಡದೆ ಹೋದರೆ ಅಹಂಕಾರವೆನ್ನುತ್ತಾರೆ; ನಿಂತು ಅವನ ಹೆಂಡತಿಯ ಆರೋಗ್ಯ ವಿಚಾರಿಸಿದೆ. ಹೀಗೆ ಯೋಗಕ್ಷೇಮ ವಿಚಾರಿಸುತ್ತಾ ಬೆಳ್ತಂಗಡಿ ತಲುಪುವಾಗ ಸಫಿಯಾರಿಗಿಂತ ನಾಲ್ಕು ನಿಮಿಷ ಹಿಂದೆ.

ಎರಡನೆಯ ದಿನ ವೇಣೂರಿನ ಹತ್ತಿರ ಅವರ ಸೈಕಲಿನ ಚೈನು ಕಳಚಿತು. ರಸ್ತೆಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಕೈಯೆಲ್ಲ ಮಸಿ ಮಾಡಿಕೊಂಡಿದ್ದರು. ಮನುಷ್ಯತ್ವ ಬಿಡಬಾರದಲ್ಲ? "ಏನಾದರೂ ಸಹಾಯ ಬೇಕಾ?" ಎಂದು ಕೇಳಿದೆ. ಬ್ರೇಕ್ ಮಾತ್ರ ಹಿಡಿಯಲಿಲ್ಲ. ಅವರ ಉತ್ತರ ಗಾಳಿಯಲ್ಲಿ ಹಿಂದೆಯೇ ಉಳಿಯಿತು. ಆ ಸಂಜೆ ಒಟ್ಟು ಲೆಕ್ಕದಲ್ಲಿ ನಾನು ಒಂದು ನಿಮಿಷ ಮುಂದಿದ್ದೆ.

ಕೊನೆಯ ದಿನ ಸಿದ್ದಕಟ್ಟೆ ಕಡೆಯ ಏರಿನಲ್ಲಿ ಇಬ್ಬರ ಉಸಿರೂ ಒಟ್ಟಿಗೇ ಕೈಕೊಟ್ಟಿತು. "ಇಳಿದು ನಡೆಯುವ, ಟೀಚರ್. ನಮ್ಮನ್ನು ಯಾರು ಅಟ್ಟಿಸಿಕೊಂಡು ಬರ್ತಾರೆ?" ಎಂದರು ಸಫಿಯಾ. ಇಳಿದು ಸೈಕಲ್ ತಳ್ಳುತ್ತಾ ನಡೆದೆವು.

"ಮಕ್ಕಳು ಏನು ಓದುವುದು?" ಎಂದು ಕೇಳುತ್ತಾ ನಾನು ಒಂದು ಹೆಜ್ಜೆ ಮುಂದಾದೆ.

"ಒಬ್ಬಳೇ ಮಗಳು, ಫಾರ್ಮಸಿ. ನಿಮ್ಮ ಮಕ್ಕಳು?" ಎನ್ನುತ್ತಾ ಅವರು ಎರಡು ಹೆಜ್ಜೆ ಮುಂದಾದರು.

ಮಕ್ಕಳ ಮದುವೆಯ ವಿಷಯ ಬರುವ ಹೊತ್ತಿಗೆ ಇಬ್ಬರೂ ಓಡುತ್ತಿದ್ದೆವು. ಎದುರಿನಿಂದ ಬಂದ ರಿಕ್ಷಾದವನು, "ನಾಯಿ ಉಂಟಾ ಅಕ್ಕ ಹಿಂದೆ?" ಎಂದು ಗಾಬರಿಯಿಂದ ಕೇಳಿದ.

ಏರಿನ ತುದಿಯವರೆಗೂ ನನ್ನ ಒಂದು ನಿಮಿಷ ಭದ್ರವಾಗಿತ್ತು. ಅದನ್ನು ತಿಂದದ್ದು ಇಳಿಜಾರು. ಸಫಿಯಾ ಬಿಟ್ಟ ಬಾಣದಂತೆ ಇಳಿದರು. ನಾನು ಎರಡೂ ಬ್ರೇಕ್ ಹಿಡಿದು, ನೆನಪಿಗೆ ಬಂದ ದೇವರನ್ನೆಲ್ಲ ಕರೆಯುತ್ತಾ ಇಳಿದೆ. ಬಂಟ್ವಾಳದಲ್ಲಿ ಸಮಯ ಕೂಡಿಸಿದಾಗ ಅವರು ಒಂಬತ್ತು ಸೆಕೆಂಡಿನಿಂದ ಗೆದ್ದಿದ್ದರು.

ಪದಕ ಹಾಕಿಸಿಕೊಂಡ ಮೇಲೆ ಸಫಿಯಾ ನನ್ನ ಕೈ ಹಿಡಿದರು. "ಸತ್ಯ ಹೇಳ್ತೇನೆ ಟೀಚರ್. ಯಾರೂ ಇಲ್ಲ, ಫಸ್ಟ್ ನಿಮಗೇ ಎಂದು ಹೇಳಿ ದಿನೇಶ್ ಮಾಷ್ಟ್ರು ನನ್ನನ್ನು ಸೇರಿಸಿದ್ದು. ಮೊದಲ ದಿನ ನಿಮ್ಮನ್ನು ಕಂಡಾಗ ನನಗೆ ಎಂಥ ಕೋಪ ಬಂದಿತ್ತು ಗೊತ್ತುಂಟಾ?"

"ಛೆ! ನನಗೆ ನಿಮ್ಮನ್ನು ಕಂಡು ಖುಷಿಯೇ ಆದದ್ದು" ಎಂದೆ.

ಅವರು ನಂಬಿಬಿಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡು, "ನಿಮ್ಮದು ದೊಡ್ಡ ಮನಸ್ಸು ಟೀಚರ್" ಎಂದರು.

ನಾನು ವಿನಯದಿಂದ ತಲೆ ತಗ್ಗಿಸಿದೆ. ತಗ್ಗಿಸಿದವಳು ಹಾಗೆಯೇ, ಮುಂದಿನ ಸಲಕ್ಕೆ ಬೇಕಾಗುತ್ತದೆಂದು, ಪಕ್ಕದಲ್ಲಿದ್ದ ಅವರ ಸೈಕಲಿನ ಹಿಂದಿನ ಚಕ್ರದ ಗೇರಿಗೆ ಎಷ್ಟು ಹಲ್ಲು ಉಂಟೆಂದು ಎಣಿಸತೊಡಗಿದೆ.