ಶೇಂಗಾ ಹೋಳಿಗೆಯ ಮುಂದೆ ಅರ್ಥಶಾಸ್ತ್ರ

ನಾನು ಬಹಳ ಪರಿಣಾಮಕಾರಿಯಾಗಿ ಪಾಠ ಮಾಡುತ್ತೇನೆ. ಇದು ಆತ್ಮಪ್ರಶಂಸೆಯಲ್ಲ. ನಮ್ಮ ವಿಶ್ವವಿದ್ಯಾಲಯದಲ್ಲಿ ನನ್ನ ಕ್ಲಾಸಿನಷ್ಟು ಶಾಂತವಾದ ಕ್ಲಾಸು ಇನ್ನೊಂದಿಲ್ಲ. ಅರ್ಧ ಮಂದಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ!

ಆದರೂ ಪ್ರೊಫೆಸರ್ ಹುದ್ದೆಗೆ ನನ್ನ ಬಡ್ತಿ ವರ್ಷಗಟ್ಟಲೆ ಕುಂಟುತ್ತಿತ್ತು. ಈ ಸಲ ಒಂದೇ ಒಂದು ಗಂಡಾಂತರ ಉಳಿದಿತ್ತು. ಸಮಿತಿಯವರು ನನ್ನ ಕ್ಲಾಸಿನಲ್ಲಿ ಕೂತು ಬೋಧನೆ ಎಷ್ಟು ನಾಟುತ್ತದೆ ಎಂದು ನೋಡಬೇಕು. "ಬರೀ ಭಾಷಣ ಬೇಡ, ಚಟುವಟಿಕೆ ಇರಲಿ" ಎಂದು ಮೊದಲೇ ಹೇಳಿಬಿಟ್ಟಿದ್ದರು. ನಾನು ಆರಿಸಿಕೊಂಡದ್ದು ಇಳಿಮುಖ ತುಷ್ಟಿಗುಣ ನಿಯಮ. ಹೆಸರಿಗೆ ಹೆದರಬೇಡಿ. ಒಂದೇ ತಿನಿಸನ್ನು ತಿನ್ನುತ್ತಾ ಹೋದರೆ ಖುಷಿ ಕಡಿಮೆಯಾಗುತ್ತಾ ಹೋಗುತ್ತದೆ, ಅಷ್ಟೇ.

ಹಿಂದಿನ ದಿನ ತಾಲೀಮು ನಡೆಸಿದೆ. ಶ್ರಾವಣಿ ಎಂಬ ಕಡ್ಡಿಯಂಥ ತೆಲುಗು ವಿದ್ಯಾರ್ಥಿನಿಯನ್ನು ಕರೆದು ಉಸ್ಮಾನಿಯಾ ಬಿಸ್ಕತ್ತು ತಿನ್ನಿಸಿದೆ. ಮೊದಲನೆಯದಕ್ಕೆ ಹತ್ತಕ್ಕೆ ಎಂಟು ಅಂಕ ಕೊಟ್ಟಳು. ಆಮೇಲೆ ಐದು. ಆಮೇಲೆ "ಸರ್, ನೀರು!" ಬೋರ್ಡಿನ ಮೇಲೆ ಗೆರೆ ಪಠ್ಯಪುಸ್ತಕದಲ್ಲಿದ್ದಂತೆಯೇ ಇಳಿಯಿತು. ಇಷ್ಟಕ್ಕೇ ನಿಂತಿದ್ದರೆ ಇವತ್ತು ನಾನು ಪ್ರೊಫೆಸರ್!

ಆದರೆ ದೊಡ್ಡವರ ಮುಂದೆ ಒಣ ಬಿಸ್ಕತ್ತೇ? ಪರವೂರಿನಲ್ಲಿ ನಮ್ಮ ಕಲಬುರಗಿಯವರ ಮರ್ಯಾದೆ ಏನಾಗಬೇಕು? ಮನೆಗೆ ಹೋದವನೇ ಹೆಂಡತಿ ಸುಮಿತ್ರಾಗೆ ಶೇಂಗಾ ಹೋಳಿಗೆ ಮಾಡಲು ಹೇಳಿದೆ.

"ಪಾಠಕ್ಕ ಹೋಳಿಗಿ ಯಾಕ್ರಿ? ಇಲ್ಲಂದ್ರ ಹುಡುಗ್ರು ಬರಂಗಿಲ್ಲೇನು?"

"ಇದು ಶಾಸ್ತ್ರದ ವಿಷಯ. ನಿನಗ ತಿಳಿಯಂಗಿಲ್ಲ."

"ತುಪ್ಪ ಹಚ್ಚಲ್ಯಾ?"

"ಭಾಳ ಹಚ್ಚು!" ಎಂದು ನನ್ನ ಗುಂಡಿ ನಾನೇ ತೋಡಿಕೊಂಡೆ.

ಮರುದಿನ ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಸಮಿತಿ ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕೂತಿತು. ಡಬ್ಬಿ ತೆರೆದೆ. ಹಿಂದಿನ ಬೆಂಚಿನವರಿಗೆಲ್ಲ ಎಚ್ಚರವಾಯಿತು!

ಶ್ರಾವಣಿ ಮೊದಲ ಹೋಳಿಗೆ ತಿಂದು "ಎಂಟು" ಎಂದಳು. ಶಭಾಷ್! ಎರಡನೆಯದಕ್ಕೆ "ಒಂಬತ್ತು" ಎಂದಳು. ನಾನು ಚಾಕ್‌ಪೀಸು ಕೆಳಗಿಟ್ಟು ಅವಳತ್ತ ಬಾಗಿದೆ.

"ಯೋಚಿಸಿ ಹೇಳಮ್ಮ, ಹೊಟ್ಟೆ ತುಂಬುತ್ತಾ ಬಂತಲ್ಲವೇ?"

ಅವಳು ಯೋಚಿಸುವುದಕ್ಕೆಂದೇ ಇನ್ನೊಂದು ತಿಂದಳು. "ಹತ್ತು! ಇಂಕೊಕಟಿ, ಸರ್!" ಇನ್ನೊಂದು ಬೇಕಂತೆ! ಇಳಿಯಬೇಕಾದ ಗೆರೆ ಬೋರ್ಡು ದಾಟಿ ಗೋಡೆ ಹತ್ತುವ ಹವಣಿಕೆಯಲ್ಲಿತ್ತು.

"ಈಕೆ ಅಪವಾದ" ಎಂದು ಘೋಷಿಸಿ ಇಮ್ರಾನ್ ಎಂಬ ಹುಡುಗನನ್ನು ಎಬ್ಬಿಸಿದೆ. ಅವನು ಹತ್ತರಿಂದಲೇ ಶುರು ಮಾಡಿದ. "ಕ್ಯಾ ಚೀಜ್ ಹೈ, ಸರ್!"

ಆಗ ಸಮಿತಿಯ ಅಧ್ಯಕ್ಷರು ಎದ್ದು ನಿಂತರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು, "ಇಬ್ಬರ ಅಭಿಪ್ರಾಯ ಸಾಲದು" ಎನ್ನುತ್ತಾ ಒಂದು ಹೋಳಿಗೆ ಎತ್ತಿಕೊಂಡರು. ಖಾತ್ರಿ ಮಾಡಿಕೊಳ್ಳಲು ಇನ್ನೊಂದು. ಅಷ್ಟು ದೊಡ್ಡ ಜವಾಬ್ದಾರಿಯನ್ನು ಅವರೊಬ್ಬರ ಮೇಲೆಯೇ ಹಾಕುವುದು ಉಳಿದ ಸದಸ್ಯರಿಗೂ ಸರಿ ಕಾಣಲಿಲ್ಲ. ಡಬ್ಬಿ ಬರಿದಾಯಿತು.

ಬೆರಳು ಒರೆಸಿಕೊಂಡು ಅಧ್ಯಕ್ಷರು ಕ್ಲಾಸಿಗೆ ಕೇಳಿದರು: "ಇವತ್ತು ಏನು ಕಲಿತಿರಿ?"

"ತಿಂದಷ್ಟೂ ಖುಷಿ ಹೆಚ್ಚುತ್ತದೆ, ಸರ್!" ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು.

ಸಂಜೆಗೆ ತೀರ್ಪು ಬಂತು. ವಿದ್ಯಾರ್ಥಿಗಳ ಉತ್ಸಾಹ ಅತ್ಯುತ್ತಮವಂತೆ, ಆದರೆ ನಿಯಮ ಸಾಬೀತಾಗಲಿಲ್ಲವಾದ್ದರಿಂದ ಬಡ್ತಿ ಮುಂದಕ್ಕೆ. ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ಬೇಜಾರಾಗಬೇಡಿ. ಮುಂದಿನ ಸಲವೂ ಇದೇ ಪಾಠ ಮಾಡಿ" ಎಂದರು.

ಮನೆ ಬಾಗಿಲಲ್ಲೇ ಸುಮಿತ್ರಾ ಕೇಳಿದಳು: "ಹೋಳಿಗಿ ಹೆಂಗಾಗಿದ್ವಂತ್ರಿ?"

"ಹತ್ತಕ್ಕ ಹತ್ತು."

"ಮತ್ತ ನಿಮ್ಮ ಪಾಠ?"

ನಾನು ಖಾಲಿ ಡಬ್ಬಿ ಅವಳ ಕೈಗಿತ್ತೆ. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ನಾನು ಸರಿಯಾಗಿ ಕಲಿಸಿದ್ದನ್ನೆಲ್ಲ ಹುಡುಗರು ಕ್ಲಾಸಿನ ಬಾಗಿಲು ದಾಟುವಷ್ಟರಲ್ಲಿ ಮರೆತಿದ್ದಾರೆ. ಇವತ್ತಿನದೊಂದನ್ನು ಮಾತ್ರ ಸಾಯುವತನಕ ಮರೆಯುವುದಿಲ್ಲ. ನಾನು ಕಲಿಸಿದ ತಪ್ಪು ಪಾಠ ಇದೊಂದೇ!