ಮಗಳು ಕೂತ ತಾಸುಗಳು

ಕುಳಿತುಕೊಳ್ಳುವುದೂ ಒಂದು ವಿದ್ಯೆ ಎಂದು ನಂಬಿದವನು ನಾನು. ಆ ವಿದ್ಯೆಯಲ್ಲಿ ಪಾರಂಗತ ಕೂಡ. ಸವಣೂರಿನಲ್ಲಿ ನಮ್ಮದು ಬಟ್ಟೆ ಅಂಗಡಿ, ಅಜ್ಜನ ಕಾಲದಿಂದಲೂ ಗಾದಿಯ ಮೇಲೆ ಕೂತೇ ವ್ಯಾಪಾರ. ಸೀರೆ ತೆಗೆಯುವುದು, ಬಿಚ್ಚುವುದು, ಮಡಿಸುವುದು ಕೆಲಸದವರ ಪಾಲು. "ಇದು ನಿಮಗ ಭಾಳ ಒಪ್ಪತೈತ್ರಿ" ಎನ್ನುವುದು ಮಾತ್ರ ನನ್ನ ಪಾಲು. ಇಷ್ಟಕ್ಕೇ ಸಂಜೆ ಸೊಂಟ ಹಿಡಿದುಕೊಳ್ಳುತ್ತದೆ ಎಂದರೆ ಹೆಂಡತಿ ನಂಬುವುದಿಲ್ಲ. ಹಾಗಾಗಿ ಒಂಬತ್ತನೆಯ ಇಯತ್ತೆಯಲ್ಲಿರುವ ಮಗಳು ಸುಮಾ ದಪ್ಪಗಾಗುತ್ತ ಹೋದಾಗ ನಾನೇನೂ ಹೆದರಲಿಲ್ಲ. ನಮ್ಮ ಮನೆತನದ ಮೈಕಟ್ಟೇ ಹಾಗೆ ಎಂದು ಸುಮ್ಮನಿದ್ದೆ.

ಹೆದರಿದ್ದು ರಕ್ತಪರೀಕ್ಷೆಯ ಚೀಟಿ ಬಂದಾಗ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಿಗೆ ಬಂದು ನಿಂತಿದೆ ಎಂದರು ಡಾಕ್ಟರ್ ಮೇಡಂ. ನನ್ನ ಅವ್ವ ಅದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡವಳು. ಹದಿನಾಲ್ಕರ ಹುಡುಗಿಗೂ ಅದು ಬರಬಹುದೆಂದು ನನಗೆ ಗೊತ್ತೇ ಇರಲಿಲ್ಲ.

"ಊಟದ್ದು ಆಮ್ಯಾಲೆ ನೋಡೂಣ್ರಿ ಸಾವಕಾರ್ರ. ಮೊದಲ ಒಂದು ವಾರ ಈಕಿ ಎಷ್ಟೊತ್ತು ಕುಂದರ್ತಾಳ, ಯಾವಾಗ ಏಳ್ತಾಳ, ಯಾಕ ಏಳ್ತಾಳ, ಎಲ್ಲಾ ಬರಕೊಂಡು ಬರ್ರಿ" ಎಂದರು.

ನನಗೆ ಕುತೂಹಲ ಹತ್ತಿಕೊಂಡಿತು. ನೋಟುಬುಕ್ಕಿನಲ್ಲಿ ಗೆರೆ ಎಳೆದೆ. ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಮಗಳು ಮನೆಯಲ್ಲಿರುವ ಹೊತ್ತೆಲ್ಲ ಪಡಸಾಲೆಯ ಕುರ್ಚಿಯಲ್ಲಿ ಠಿಕಾಣಿ ಹೂಡಿದೆ. ಅವಳ ಕೈಯಲ್ಲಿ ಮೊಬೈಲು, ನನ್ನ ಕೈಯಲ್ಲಿ ಪೆನ್ನು. ಕೂತವರನ್ನು ನೋಡುತ್ತ ಕೂರುವುದು ಎಂಥ ದಣಿವಿನ ಕೆಲಸವೆಂದು ಆಗ ತಿಳಿಯಿತು. ನಡುನಡುವೆ ಚಹಾ ಬೇಕಾಯಿತು. "ಯಪ್ಪಾ, ಹಿಂಗ್ಯಾಕ ನೋಡಾಕತ್ತಿ? ನಾ ಏನ್ ಪರೀಕ್ಷಾ ಬರ್ಯಾಕತ್ತೇನಿ?" ಎಂದು ಅವಳು ರೇಗಿದಳು. ಅದನ್ನೂ ದಾಖಲಿಸಿದೆ: 'ರೇಗಿದಳು, ಏಳಲಿಲ್ಲ.'

ವಾರ ಕಳೆದ ಮೇಲೆ ಡಾಕ್ಟರ್ ಮೇಡಂ ಸುಮಾಳನ್ನು ಎದುರಿಗೆ ಕೂರಿಸಿಕೊಂಡು ನನ್ನ ಬರಹವನ್ನು ಗಟ್ಟಿಯಾಗಿ ಓದತೊಡಗಿದರು. "ನೀರು ತರಲು ಎದ್ದಳು. ಚಹಾ ತರಲು ಎದ್ದಳು. ಓದುವ ಕನ್ನಡಕ, ಚಾಳೀಸು, ಹುಡುಕಿಕೊಡಲು ಎದ್ದಳು. ಇವೆಲ್ಲಾ ಯಾರಿಗ್ರಿ?"

"ನನಗ್ರಿ."

"ಅಂದ್ರ, ಹುಡುಗಿ ಎದ್ದದ್ದೆಲ್ಲಾ ನೀವು ಕುಂತಿದ್ದಕ್ಕ."

ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದೆ. ಅವರ ಬೆರಳು ಇನ್ನೊಂದು ಸಾಲಿನ ಮೇಲೆ ನಿಂತಿತು: 'ದಿನಾ ಸಂಜೆ ಅರ್ಧ ತಾಸು ಬಾಗಿಲಲ್ಲಿ ನಿಂತಳು. ಕಾರಣ ತಿಳಿಯಲಿಲ್ಲ.'

"ಬಾಗಲ್ದಾಗ ಏನೈತೆವ್ವಾ?"

"ಬಯಲಾಗ ಹುಡುಗ್ಯಾರು ಖೋಖೋ ಆಡ್ತಾರ್ರಿ. ಅದನ್ನ ನೋಡ್ತೇನ್ರಿ."

"ಮತ್ತ ನೀ ಯಾಕ ಹೋಗಂಗಿಲ್ಲ?"

ಸುಮಾ ನನ್ನ ಮುಖ ನೋಡಿದಳು. ಎರಡು ವರ್ಷದ ಹಿಂದಿನವರೆಗೆ ಅವಳ ಶಾಲೆಯಲ್ಲಿ ಅವಳನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟುವವರಿರಲಿಲ್ಲ. ಅವಳು ದೊಡ್ಡವಳಾದಾಗ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಬಂದವರೆಲ್ಲ ಒಂದೊಂದು ಅಂಟಿನುಂಡಿ ತಿನ್ನಿಸಿದ್ದರು. ಅದು ಮುಗಿದ ಮೇಲೆ "ಇನ್ನ ಓಣ್ಯಾಗ ಓಡೋದು ಸಾಕವ್ವಾ, ಮನ್ಯಾಗ ಕುಂದ್ರು" ಎಂದವನು ನಾನೇ. ಮಗಳು ನನ್ನ ಮಾತು ಕೇಳುವುದಿಲ್ಲ ಎಂದು ಊರೆಲ್ಲ ದೂರುತ್ತಿದ್ದೆ; ಇದೊಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಸಂಜೆ ನಾನೇ ಅವಳನ್ನು ಬಯಲಿಗೆ ಕರೆದೊಯ್ದೆ. ಮನೆಯ ಬಾಗಿಲಿಗೆ ಕಾಣುವ ಬಯಲು. ಆದರೂ ಬೈಕಿನ ಮೇಲೆ. ಆಟ ಶುರುವಾಯಿತು. ನೋಡಿದರೆ ಇವಳು ಸಾಲಿನಲ್ಲಿ ಮೊಣಕಾಲೂರಿ ಕೂತಿದ್ದಾಳೆ! ನನಗೆ ತಡೆಯಲಾಗಲಿಲ್ಲ. "ಇಲ್ಲಿಗೆ ಬಂದೂ ಕುಂತಿಯೇನವ್ವಾ?" ಎಂದು ಕೂಗಿದೆ.

"ಇಲ್ಲೆ ಕುಂತ್ರ ಯಾರರ ಬಂದು ಖೋ ಅಂತ ಎಬ್ಬಸ್ತಾರ ಯಪ್ಪಾ. ಮನ್ಯಾಗ ಹಂಗ ಎಬ್ಬಸಾವ್ರು ಯಾರಿದ್ರು?"

ಅಷ್ಟರಲ್ಲಿ ಅವಳ ಬೆನ್ನಿಗೆ ಖೋ ಬಿತ್ತು. ಹತ್ತು ಹೆಜ್ಜೆಗೇ ಏದುಸಿರು, ಆದರೂ ಓಡಿದಳು. ಅವಳಿಗೆ ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಿದ್ದೆ. ಆ ಯೋಚನೆಯನ್ನೂ ಬೈಕಿನ ಮೇಲೆ ಕೂತೇ ಮಾಡುತ್ತಿದ್ದೇನೆಂದು ಅರಿವಾಗಿ, ಮೆಲ್ಲಗೆ ಕೆಳಗಿಳಿದೆ.