ಲೆಕ್ಕದ ಪ್ರಕಾರ ಜಾರದ ಏಣಿ

ಫ್ಯಾನಿನ ಗಾಳಿಗೆ ಹಾರಿದ್ದು ಬರೀ ಒಂದು ಚೀಟಿ. ಆದರೆ ಅದರಲ್ಲಿ ಪ್ರಿನ್ಸಿಪಾಲರ ಸಹಿ ಇತ್ತು. ಸ್ಟ್ಯಾಟಿಕ್ಸ್‌ನಲ್ಲಿ, ಅಂದರೆ ಅಲ್ಲಾಡದೆ ನಿಂತ ವಸ್ತುಗಳ ಲೆಕ್ಕದಲ್ಲಿ, ಎರಡು ಸಲ ಮುಗ್ಗರಿಸಿದ್ದ ನಮ್ಮ ಇಂಜಿನಿಯರಿಂಗ್ ಹುಡುಗನಿಗೆ ಹತ್ತು ಗಂಟೆಗೆ ಕೊನೆಯ ಮರುಪರೀಕ್ಷೆ. ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ. ಇದರಲ್ಲೂ ಫೇಲಾದರೆ ಇಡೀ ವರ್ಷ ಮಣ್ಣುಪಾಲು. ಆ ಹಾಳು ಚೀಟಿ ಮಹಡಿ ಕಿಟಕಿಯ ಕಂಬಿ ದಾಟಿ, ಕೆಳಗಿನ ಕಿಟಕಿಯ ಸಜ್ಜಾ ಮೇಲೆ ಹೋಗಿ ಕೂತಿತು.

ಹುಡುಗ ಏಣಿ ಹೊತ್ತು ತಂದ. ಪುಸ್ತಕದ ಲೆಕ್ಕಗಳಲ್ಲಿ ಬರುವ ಏಣಿಗೆ ತೂಕವೇ ಇರಲಿಲ್ಲ. ಇದು ಭುಜ ಮುರಿಯಿತು. ಗೋಡೆಗೆ ಒರಗಿಸುವಷ್ಟರಲ್ಲಿ ಎದುರು ಮನೆಯ ನಿವೃತ್ತ ಓವರ್‌ಸಿಯರು ಹಾಜರು. ಬೇರೆಯವರು ಏಣಿ ಹತ್ತುವುದನ್ನು ಮೂವತ್ತು ವರ್ಷ ನೋಡಿದ ಅನುಭವ ಅವರದು. ಬುಡ ಹಿಂದಕ್ಕೆಳಿ ಅಂದರು. ಪಕ್ಕದ ಮನೆ ಟೈಲರು ಮುಂದಕ್ಕೆ ತಳ್ಳು ಅಂದ. ಇಬ್ಬರಿಗೂ ಬೇಜಾರಾಗದಿರಲೆಂದು ಹುಡುಗ ನಡುವೆ ನಿಲ್ಲಿಸಿದ.

"ಸೋಪಿನ ನೀರು ಹಾಕಿ ಉಜ್ಜಿದೀನಿ ಕಣೋ, ಅಂಗಳ ಒಣಗ್ಲಿ," ಎಂದಳು ಅಮ್ಮ, ಪೊರಕೆ ಹಿಡಿದುಕೊಂಡೇ.

ಇದು ಇಂಜಿನಿಯರಿಂಗ್ ವಿಷಯವೆಂದು ಮೂವರೂ ಸೇರಿ ಅವಳ ಬಾಯಿ ಮುಚ್ಚಿಸಿದರು.

ಹುಡುಗನ ಕೈಗೆ ಸಜ್ಜಾ ಸಿಕ್ಕಿದ್ದೇ ತಡ, ಕಾಲಡಿಯ ಏಣಿ ಜಾರಿತು. ಕೈಕಾಲು ಬಡಿದು ಹೇಗೋ ಮೇಲೆ ಹತ್ತಿಕೊಂಡ. ಚೀಟಿಯೇನೋ ಸಿಕ್ಕಿತು. ಆದರೆ ಓವರ್‌ಸಿಯರು ಏಣಿಯನ್ನು ಮತ್ತೆ ನಿಲ್ಲಿಸಿ ಬುಡ ಹಿಡಿದರೂ, ಅದರ ಮೇಲೆ ಕಾಲಿಡಲು ಅವನು ಸುತರಾಂ ಒಪ್ಪಲಿಲ್ಲ.

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿ ಕಾಲೇಜಿಗೆ ಹೊರಟಿದ್ದ ಸ್ಟ್ಯಾಟಿಕ್ಸ್ ಮೇಷ್ಟ್ರು ಗುಂಪು ಕಂಡು ಒಳಬಂದರು. ಮೇಲೆ ಕೂತ ಶಿಷ್ಯನನ್ನು ನೋಡಿ ಅವರ ಮುಖ ಅರಳಿತು. ಬೋರ್ಡಿನ ಮೇಲೆ ಎಷ್ಟೋ ಜನರನ್ನು ಏಣಿ ಹತ್ತಿಸಿದ್ದರು. ನಿಜವಾದ ಏಣಿ ಕೈಗೆ ಸಿಕ್ಕಿದ್ದು ಇದೇ ಮೊದಲು. ಗೇಣು ಹಾಕಿ ಅಳೆದರು, ಕೋನ ಸರಿಪಡಿಸಿದರು, ಓವರ್‌ಸಿಯರಿಗೆ ಕೈ ಬಿಡಲು ಹೇಳಿದರು.

"ಲೆಕ್ಕದ ಪ್ರಕಾರ ಇದು ಜಾರೋ ಹಾಗೇ ಇಲ್ಲ. ಹತ್ತಿ ತೋರಿಸ್ತೀನಿ, ನೋಡಿ."

ಅಮ್ಮ ಸೋಪಿನ ಮಾತು ಮತ್ತೆ ತೆಗೆದಳು. ಮೇಷ್ಟ್ರು ಆಗಲೇ ಆರನೇ ಮೆಟ್ಟಿಲಲ್ಲಿದ್ದರು.

ಏಣಿ ಲೆಕ್ಕ ಕೇಳಲಿಲ್ಲ. ಜಾರಿ, ಒಗೆಯುವ ಕಲ್ಲಿಗೆ ಬಡಿದು ಎರಡು ತುಂಡಾಯಿತು. ಸಜ್ಜಾದ ಅಂಚು ಹಿಡಿದು ಜೋತುಬಿದ್ದ ಮೇಷ್ಟ್ರನ್ನು ಹುಡುಗ ತೋಳು ಹಿಡಿದು ಮೇಲಕ್ಕೆಳೆದುಕೊಂಡ. ಬಣ್ಣ ಬಳಿಯುವವರ ಹತ್ತಿರ ಇನ್ನೊಂದು ಏಣಿ ತರಲು ಟೈಲರು ಓಡಿದ. ಬರಲು ಒಂದು ಗಂಟೆಯಾದರೂ ಬೇಕು.

ಹುಡುಗನ ಜೀವಕ್ಕೆ ಹಾಯೆನಿಸಿತು. ಮೇಷ್ಟ್ರೇ ಇಲ್ಲಿ ಸಿಕ್ಕಿಬಿದ್ದ ಮೇಲೆ ಪರೀಕ್ಷೆ ಎಲ್ಲಿಂದ ಬಂತು? ಅದೂ ಅಲ್ಲದೆ, ಅವರ ಪ್ರಾಣ ಉಳಿಸಿದವನು ತಾನು.

"ಹಾಗಾದ್ರೆ ಇವತ್ತು ಪರೀಕ್ಷೆ ಇಲ್ಲ ಅಲ್ವಾ ಸಾರ್?"

ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಯಾಕಿಲ್ಲ? ಬೇರೆಯವರೆಲ್ಲ ಪಾಸಾಗಿದಾರೆ, ಬರೆಯೋದು ನೀನೊಬ್ಬನೇ. ಚೀಟಿ ಕೊಡು," ಎಂದು ಚೀಲದಿಂದ ಪ್ರಶ್ನೆಪತ್ರಿಕೆ, ಹಾಳೆ, ಪೆನ್ನು ತೆಗೆದರು.

ಇದ್ದದ್ದು ಒಂದೇ ಪ್ರಶ್ನೆ. ಒರಟು ನೆಲದ ಮೇಲೆ ನಿಂತು ಗೋಡೆಗೊರಗಿದ ಏಣಿ. ಮನುಷ್ಯ ಎಷ್ಟು ಮೇಲೆ ಹತ್ತಿದರೆ ಜಾರುತ್ತದೆ? ಹುಡುಗನಿಗೆ ಖುಷಿಯೋ ಖುಷಿ. ಸ್ಟ್ಯಾಟಿಕ್ಸ್‌ನ ಉತ್ತರವೊಂದು ಅವನಿಗೆ ಗೊತ್ತಿದ್ದದ್ದು ಅದೇ ಮೊದಲು. ಆರನೇ ಮೆಟ್ಟಿಲು, ಕಾರಣ ಸೋಪಿನ ನೀರು ಎಂದು ಬರೆದು, ಮೇಷ್ಟ್ರು ಗಾಳಿಯಲ್ಲಿ ಕಾಲಾಡಿಸುತ್ತಿರುವ ಚಿತ್ರವನ್ನೂ ಬಿಡಿಸಿಕೊಟ್ಟ.

ಮೇಷ್ಟ್ರು ಬೂಟಿಗಂಟಿದ ನೊರೆ ಒರೆಸಿಕೊಳ್ಳುತ್ತಲೇ ಓದಿದರು. ಆಮೇಲೆ ಕೆಂಪು ಪೆನ್ನು ತೆಗೆದು ದೊಡ್ಡದೊಂದು ಸೊನ್ನೆ ಸುತ್ತಿದರು.

"ಪ್ರಶ್ನೆಯಲ್ಲಿ ಸೋಪು ಎಲ್ಲಿದೆ?"